ಬೇರೆಯಾಗಿ ಮತ್ತೆ ಒಂದಾಗುವ ನವಸಾಗರ

ಪ್ರನಾಳದ ತಳಕ್ಕೆ ಒಂದು ಚಿಟಿಕೆ ನವಸಾಗರ ಹಾಕಿ ಕೆಳಗಿನಿಂದ ಬಿಸಿ ಮಾಡಿ ನೋಡಿದರೆ ಸೋಜಿಗವಾಗುತ್ತದೆ. ಪುಡಿ ಕರಗಿ ನೀರಾಗುವುದಿಲ್ಲ, ಕುದಿಯುವುದೂ ಇಲ್ಲ. ಸುಮ್ನೆ ಕಡಿಮೆಯಾಗುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಉಪ್ಪು ಗಾಜಿನ ತಣ್ಣನೆಯ ಮೇಲ್ಭಾಗದಲ್ಲಿ ಬೆಳ್ಳಗೆ ಕಟ್ಟಿಕೊಂಡಿರುತ್ತದೆ. ಶಾಲೆಯಲ್ಲಿ ಇದನ್ನು ಉತ್ಪತನ ಎಂದು ಕಲಿತಿರುತ್ತೇವೆ. ಕರ್ಪೂರ, ಅಯೋಡಿನ್, ನವಸಾಗರ ಎಂದು ಒಂದೇ ಉಸಿರಿಗೆ ಹೇಳಿಯೂ ಇರುತ್ತೇವೆ. ಆದರೆ ನನಗೆ ಈ ಪಟ್ಟಿ ಅಷ್ಟು ಸರಿ ಅನಿಸುವುದಿಲ್ಲ. ಕರ್ಪೂರದ ಆವಿಯೂ ಕರ್ಪೂರವೇ. ನವಸಾಗರದ ಆವಿ ನವಸಾಗರ ಅಲ್ಲ.

ಇದರ ರಾಸಾಯನಿಕ ಹೆಸರು ಅಮೋನಿಯಂ ಕ್ಲೋರೈಡ್. ಸುಮಾರು 340 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಎರಡೂ ಮೂಗಿಗೆ ಘಾಟು. ತಣ್ಣಗಾದ ಕೂಡಲೇ ಎರಡೂ ಮತ್ತೆ ಕೂಡಿ ಉಪ್ಪಾಗುತ್ತವೆ. ಅಮೋನಿಯಾ ಬಾಟಲಿಯ ಪಕ್ಕದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿ ತೆರೆದರೆ ದಟ್ಟ ಬಿಳಿ ಹೊಗೆ ಏಳುತ್ತದೆ, ಅಲ್ವಾ? ಆ ಹೊಗೆ ನವಸಾಗರದ ನವಿರಾದ ಕಣಗಳೇ.

ಈ ಒಡಕು ಹತ್ತೊಂಬತ್ತನೇ ಶತಮಾನದ ರಸಾಯನಶಾಸ್ತ್ರಜ್ಞರಿಗೆ ದೊಡ್ಡ ತಲೆನೋವಾಗಿತ್ತು. ಒಂದೇ ಉಷ್ಣತೆ, ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಸಮ ಸಂಖ್ಯೆಯ ಕಣಗಳಿರುತ್ತವೆ ಎಂಬ ಅವೊಗಾಡ್ರೋ ನಿಯಮದ ಪ್ರಕಾರ ಲೆಕ್ಕ ಹಾಕಿದರೆ ನವಸಾಗರದ ಆವಿ ಹೈಡ್ರೋಜನ್‌ಗಿಂತ ಸುಮಾರು 27 ಪಟ್ಟು ಭಾರ ಇರಬೇಕು. ಅಳೆದಾಗ ಸಿಕ್ಕಿದ್ದು ಅದರ ಅರ್ಧ. ಹಾಗಾದರೆ ನಿಯಮವೇ ತಪ್ಪೇ? ಆವಿ ಎರಡಾಗಿ ಒಡೆದಿದ್ದರೆ ಕಣಗಳು ಇಮ್ಮಡಿಯಾಗಿ, ತೂಕದ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಆದರೆ ಅದು ಒಡೆದಿದೆ ಎಂದು ತೋರಿಸುವುದು ಹೇಗೆ? ತಣಿಸಿದರೆ ಮತ್ತೆ ಉಪ್ಪೇ ಕೈಗೆ ಸಿಗುತ್ತದೆ! 1862ರಲ್ಲಿ ಲಿಯೋಪೋಲ್ಡ್ ಪೆಬಾಲ್ ದಾರಿ ಕಂಡುಕೊಂಡರು. ಹಗುರ ಅನಿಲ ಸಣ್ಣ ರಂಧ್ರಗಳಲ್ಲಿ ಬೇಗ ನುಸುಳುತ್ತದೆ. ಅಮೋನಿಯಾ ಹಗುರ, ಇನ್ನೊಂದು ಅದರ ಎರಡರಷ್ಟಕ್ಕಿಂತಲೂ ಭಾರ. ಅವರು ಬಿಸಿ ಆವಿಯನ್ನು ಕಲ್ನಾರಿನ ಬಿರಡೆಯ ಮೂಲಕ ನುಸುಳಲು ಬಿಟ್ಟರು. ಅಮೋನಿಯಾ ತಾಗಿದರೆ ನೀಲಿ, ಆಮ್ಲ ತಾಗಿದರೆ ಕೆಂಪಾಗುವ ಲಿಟ್ಮಸ್ ಒಂದು ಕಡೆ ನೀಲಿಯಾಯಿತು, ಇನ್ನೊಂದು ಕಡೆ ಕೆಂಪಾಯಿತು. ಇಷ್ಟು ಸರಳ ಸಾಮಾನಿನಲ್ಲಿ ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕ ಪ್ರಯೋಗಗಳು ಕಡಿಮೆ. ನನಗಂತೂ ಇದು ತುಂಬಾ ಇಷ್ಟ.

ಕಲಾಯಿ ಹಾಕುವವರು, ಬೆಸುಗೆ ಮಾಡುವವರು ಈ ಗುಣವನ್ನು ಬಹಳ ಹಿಂದಿನಿಂದಲೂ ಬಳಸುತ್ತಾ ಬಂದಿದ್ದಾರೆ. ಬಿಸಿ ತಾಮ್ರದ ಮೇಲೆ ಆಕ್ಸೈಡಿನ ಕಪ್ಪು ಪದರ ಕೂರುತ್ತದೆ. ಅದರ ಮೇಲೆ ತವರ ಹಿಡಿಯುವುದಿಲ್ಲ. ನವಸಾಗರ ತಿಕ್ಕಿದಾಗ ಹೊರಬೀಳುವ ಹೈಡ್ರೋಜನ್ ಕ್ಲೋರೈಡ್ ಆ ಪದರವನ್ನು ತಿಂದುಹಾಕುತ್ತದೆ. ಲೋಹ ಹೊಳೆಯುತ್ತದೆ, ತವರ ಸಲೀಸಾಗಿ ಹರಡುತ್ತದೆ. ಆಗ ಏಳುವ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಗಾಳಿ ಆಡುವ ಜಾಗದಲ್ಲೇ ಈ ಕೆಲಸ ಮಾಡಬೇಕು.

ಹೆಸರಿನಲ್ಲಿ ಸಾಗರ ಇದ್ದರೂ ಇದು ಸಮುದ್ರದ ಉಪ್ಪಲ್ಲ. ಜ್ವಾಲಾಮುಖಿಯ ಬಿರುಕುಗಳ ಬಾಯಲ್ಲಿ, ನೆಲದೊಳಗೆ ಉರಿಯುವ ಕಲ್ಲಿದ್ದಲಿನ ಮೇಲ್ಗಡೆ ಇದು ತಾನಾಗಿ ಹೆಪ್ಪುಗಟ್ಟುತ್ತದೆ. ಪ್ರನಾಳದಲ್ಲಿ ಕಂಡ ಆಟವೇ ಅಲ್ಲಿಯೂ ನಡೆಯುವುದು. ಈಜಿಪ್ಟಿನಲ್ಲಿ ಒಂಟೆಯ ಲದ್ದಿ ಉರಿಸಿದ ಮಸಿಯನ್ನು ಗಾಜಿನ ಬುರುಡೆಗಳಲ್ಲಿ ಕಾಯಿಸಿ ಇದನ್ನು ತೆಗೆಯುತ್ತಿದ್ದರು. ಜೋಸೆಫ್ ಪ್ರೀಸ್ಟ್ಲಿ 1770ರ ದಶಕದಲ್ಲಿ ಇದಕ್ಕೆ ಸುಣ್ಣ ಬೆರೆಸಿ ಕಾಯಿಸಿ ಅಮೋನಿಯಾ ಅನಿಲವನ್ನು ಬೇರೆಯಾಗಿ ಹಿಡಿದರು. ಅಮೋನಿಯಾ ಎಂಬ ಹೆಸರು ಬಂದದ್ದೇ ಈ ಉಪ್ಪಿನ ಹಳೆಯ ಲ್ಯಾಟಿನ್ ಹೆಸರಿನಿಂದ.

ಈಗ ಇದು ಕಾರ್ಖಾನೆಯ ಮಾಲು. ಎರಡು ಅನಿಲಗಳನ್ನು ನೇರವಾಗಿ ಕೂಡಿಸಿಯೂ ಮಾಡಬಹುದು. ಇನ್ನೊಂದು ದಾರಿ ಸೋಡಾ ತಯಾರಿಕೆಯದು. ಉಪ್ಪುನೀರಿಗೆ ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅಡುಗೆ ಸೋಡಾ ತಳಕ್ಕೆ ಕೂರುತ್ತದೆ, ನವಸಾಗರ ನೀರಲ್ಲೇ ಉಳಿಯುತ್ತದೆ. ಸಾಲ್ವೆ ವಿಧಾನದಲ್ಲಿ ಆ ನೀರಿಗೆ ಸುಣ್ಣ ಹಾಕಿ ಅಮೋನಿಯಾ ಮರಳಿ ಪಡೆಯುತ್ತಾರೆ. ಚೀನಾದ ಹೌ ದೆಬಾಂಗ್ 1940ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಆ ನೀರನ್ನು ತಣಿಸಿ, ಇನ್ನಷ್ಟು ಉಪ್ಪು ಹಾಕಿ, ನವಸಾಗರವನ್ನೇ ಹರಳಾಗಿ ತೆಗೆದರು. ಅದು ಗೊಬ್ಬರವಾಯಿತು. ಅದರ ತೂಕದಲ್ಲಿ ನೂರಕ್ಕೆ ಸುಮಾರು 26 ಪಾಲು ಸಾರಜನಕ. ಭತ್ತಕ್ಕೆ ಒಗ್ಗುತ್ತದೆ, ಕ್ಲೋರೈಡ್ ಸಹಿಸದ ತಂಬಾಕಿಗೆ ಆಗುವುದಿಲ್ಲ.

ನೀರಿಗೆ ಹಾಕಿದರೆ ಲೋಟ ಹಿಡಿದ ಕೈಗೆ ತಣ್ಣಗೆ ತಾಗುತ್ತದೆ. ಕರಗಲು ಬೇಕಾದ ಶಾಖವನ್ನು ಅದು ನೀರಿನಿಂದಲೇ ಹೀರಿಕೊಳ್ಳುತ್ತದೆ. ಈ ನೀರು ವಿದ್ಯುತ್ತನ್ನೂ ಚೆನ್ನಾಗಿ ಹಾಯಿಸುತ್ತದೆ. 1866ರಲ್ಲಿ ಜಾರ್ಜ್ ಲೆಕ್ಲಾಂಷೆ ಮಾಡಿದ ಸತು-ಇಂಗಾಲದ ಸೆಲ್‌ನಲ್ಲಿ ಇದ್ದದ್ದು ನವಸಾಗರದ ನೀರೇ. ಮುಂದೆ ಅದನ್ನು ಗಟ್ಟಿ ಪೇಸ್ಟ್ ಮಾಡಿದರು, ಟಾರ್ಚಿನ ಡ್ರೈ ಸೆಲ್ ಬಂತು. ಕೆಮ್ಮಿನ ಸಿರಪ್ಪಿನ ಬಾಟಲಿಯ ಮೇಲೂ ಅಮೋನಿಯಂ ಕ್ಲೋರೈಡ್ ಎಂಬ ಹೆಸರು ಕಾಣಬಹುದು. ಅಲ್ಲಿ ಅದರ ಕೆಲಸ ಕಫ ಸಡಿಲ ಮಾಡುವುದು.

ಬಿಸಿನೀರಲ್ಲಿ ಇದನ್ನು ಸಾಧ್ಯವಾದಷ್ಟು ಕರಗಿಸಿ ನಿಧಾನವಾಗಿ ಆರಲು ಬಿಟ್ಟರೆ ಇನ್ನೊಂದು ಚೆಂದದ ನೋಟ. ಜರಿಗಿಡದ ಎಲೆಗಳಂಥ ಹರಳುಗಳು ನೀರಿನೊಳಗೆ ಕವಲೊಡೆಯುತ್ತಾ ಬೆಳೆಯುತ್ತವೆ. ಕರಗಿದ ಲೋಹ ಹೆಪ್ಪುಗಟ್ಟುವಾಗಲೂ ಹೀಗೇ ಕವಲೊಡೆಯುತ್ತದೆ, ಆದರೆ ಲೋಹದೊಳಗೆ ಇಣುಕಿ ನೋಡಲಾಗುವುದಿಲ್ಲ. ಹಾಗಾಗಿ ಲೋಹ ವಿಜ್ಞಾನಿಗಳು ಎರಕದೊಳಗೆ ಏನಾಗುತ್ತದೆ ಎಂದು ತಿಳಿಯಲು ನವಸಾಗರದ ತಿಳಿನೀರನ್ನು ತಣಿಸಿ ನೋಡುತ್ತಾರೆ.