ಮರಳಿನಾಳದ ನುಸಿಗಳು ಮತ್ತು ತೆಂಗಿನ ನುಸಿಯ ನಂಟು

ಮಣ್ಣಿನ ನುಸಿಗಳಲ್ಲಿ ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಅವುಗಳ ಹೊಸ ಗುಂಪಿಗೆ ಹೆಸರಿಡುವ ವಿಜ್ಞಾನಿ ಆ ಜೀವಿಗಳ ವಂಶದ ಬಗ್ಗೆ ಒಂದು ವಾದವನ್ನೇ ಮಂಡಿಸುತ್ತಾನೆ. ಮುಂದೆ ದೊರೆಯುವ ಸಾಕ್ಷ್ಯ ಅದನ್ನು ಗಟ್ಟಿಗೊಳಿಸಬಹುದು, ಬುಡಮೇಲು ಮಾಡಲೂಬಹುದು. ಆಳದ ಮಣ್ಣಿನಲ್ಲಿ ಬದುಕುವ ಹುಳುರೂಪದ ನುಸಿಗಳಾದ ನೆಮಟಲೈಸಿಡೇ ಕುಟುಂಬದ ಇತಿಹಾಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

1954ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಕಾರ್ಲ್ ಸ್ಟ್ರೆನ್ಸ್ಕೆ ಅಲ್ಜೀರಿಯದ ಕರಾವಳಿಯ ಅಂತರ್ಜಲದಿಂದ ದೊರೆತ ವಿಚಿತ್ರ ನುಸಿಯೊಂದನ್ನು ವರ್ಣಿಸಿ, ಅದಕ್ಕೆ ನೆಮಟಲೈಕಸ್ ಎಂದು ಹೆಸರಿಟ್ಟರು. ಕುಟುಂಬದ ಹೆಸರು ಹುಟ್ಟಿದ್ದು ಈ ಕುಲದಿಂದಲೇ (ಕುಲವೆಂದರೆ ಹತ್ತಿರದ ಪ್ರಭೇದಗಳ ಗುಂಪು; ಹಲವು ಕುಲಗಳು ಸೇರಿ ಕುಟುಂಬ). ಉದ್ದನೆಯ ಹುಳುವಿನಂಥ ಮೈ, ಮೈತುಂಬ ಉಂಗುರಗಳು, ನಾಲ್ಕು ಜೊತೆ ಗಿಡ್ಡ ಕಾಲುಗಳು. ಮೈಯನ್ನು ಹಿಗ್ಗಿಸಿ ಕುಗ್ಗಿಸುತ್ತ ಮರಳಿನ ಕಣಗಳ ನಡುವೆ ನುಸುಳುವ ಇಂಥ ಜೀವಿಗಳು ಆಳದಲ್ಲಿರುವುದರಿಂದ, ಎಲೆಗೊಬ್ಬರವನ್ನು ದೀಪದ ಕೆಳಗಿಟ್ಟು ಶಾಖದಿಂದ ನುಸಿಗಳನ್ನು ಕೆಳಗಿಳಿಸುವ ಬರ್ಲೀಸ್ ಆಲಿಕೆಯ ಸಾಮಾನ್ಯ ವಿಧಾನದಲ್ಲಿ ಅಪರೂಪಕ್ಕೆ ಸಿಗುತ್ತವೆ. ಆಳದ ಮಣ್ಣನ್ನು ಅಗೆದು, ನೀರಿನಲ್ಲಿ ತೊಳೆದು ಸೋಸುವ ತಾಳ್ಮೆ ಬೇಕು. 2014ರಲ್ಲಿ ನುಸಿ ವಿಜ್ಞಾನಿ ಸ್ಯಾಮ್ಯುಯೆಲ್ ಬೋಲ್ಟನ್ ಮತ್ತು ಸಹೋದ್ಯೋಗಿಗಳು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಆವರಣದ ಮಣ್ಣಿನಿಂದಲೇ ಈ ಕುಟುಂಬದ ಹೊಸ ಕುಲವಾದ ಆಸ್ಪೆರಲೈಕಸ್ ಅನ್ನು ವರ್ಣಿಸಿದರು.

ಹೊಸ ಕುಲವೆಂದು ಸಾಧಿಸಲು ಮೈಯ ಆಕಾರವೊಂದೇ ಸಾಲದು. ಕಾಲಿನ ಪ್ರತಿ ಗಣ್ಣಿನ ಮೇಲೆ ರೋಮಗಳೆಷ್ಟು, ಎಲ್ಲೆಲ್ಲಿ, ಬಾಯಿಯ ಅಂಗಗಳು ಹೇಗೆ ಕೂಡಿಕೊಂಡಿವೆ ಎಂಬುದನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಬೇಕು. ಮರಿ ಹಂತದಲ್ಲಿ ಇಲ್ಲದ ರೋಮವೊಂದು ಮುಂದಿನ ಹಂತದಲ್ಲಿ ಮೂಡುವುದೂ ಲಕ್ಷಣವೇ ಆದ್ದರಿಂದ ಬೆಳವಣಿಗೆಯ ಎಲ್ಲ ಹಂತಗಳೂ ದೊರೆತರೆ ಒಳ್ಳೆಯದು. ಬಳಿಕ ಒಂದು ಮಾದರಿಯನ್ನು ಹೆಸರಿನ ಶಾಶ್ವತ ಆಧಾರವೆಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಇಡಲಾಗುತ್ತದೆ. ಸಂದೇಹ ಬಂದವರು ಅದನ್ನೇ ಮತ್ತೆ ನೋಡಬಹುದು; ವರ್ಗೀಕರಣದ ಪ್ರಾಮಾಣಿಕತೆ ಇರುವುದು ಇಲ್ಲೇ ಎಂದು ನನ್ನ ನಂಬಿಕೆ.

ಕಥೆಯ ದೊಡ್ಡ ತಿರುವು ಬಂದದ್ದು 2017ರಲ್ಲಿ. ಗಿಡಗಳಲ್ಲಿ ಗಂಟು ಮೂಡಿಸುವ ಎರಿಯೊಫಿಡ್ ನುಸಿಗಳೂ ಹುಳುವಿನಂತೆಯೇ ಉದ್ದ. ಆದರೆ ಅವಕ್ಕೆ ಎರಡೇ ಜೊತೆ ಕಾಲು. ದೀರ್ಘಕಾಲ ಅವುಗಳನ್ನು ಬೇರೊಂದು ದೊಡ್ಡ ಗುಂಪಿನಲ್ಲಿ ಇಡಲಾಗಿತ್ತು. ಬಾಯಿಯ ಭಾಗಗಳನ್ನೂ ಇತರ ಲಕ್ಷಣಗಳನ್ನೂ ಹೋಲಿಸಿದ ಬೋಲ್ಟನ್ ತಂಡ ಅವು ನೆಮಟಲೈಸಿಡೇಗೆ ಅತಿ ಹತ್ತಿರದ ಬಂಧುಗಳೆಂದು ವಾದಿಸಿತು. ಮೈಯ ಹೋಲಿಕೆಯಷ್ಟನ್ನೇ ನಂಬಿದರೆ ಮೋಸಹೋಗುವ ಅಪಾಯವಿತ್ತು, ಏಕೆಂದರೆ ಇಕ್ಕಟ್ಟಿನಲ್ಲಿ ಬದುಕುವ ಪರಸ್ಪರ ಸಂಬಂಧವಿಲ್ಲದ ಜೀವಿಗಳೂ ಹುಳುರೂಪ ತಾಳಬಲ್ಲವು. 2018ರಲ್ಲಿ ಡಿಎನ್‌ಎ ಆಧಾರಿತ ವಿಶ್ಲೇಷಣೆಯೂ ಇದೇ ನಂಟಿನತ್ತ ಬೆರಳು ತೋರಿತು.

ಕನ್ನಡನಾಡಿನ ತೆಂಗು ಬೆಳೆಗಾರರಿಗೆ ಈ ಬಂಧುತ್ವ ದೂರದ ವಿಷಯವಲ್ಲ. ಕಾಯಿಯ ತೊಟ್ಟಿನಡಿ ಅಡಗಿ ರಸ ಹೀರುವ, 1998ರಲ್ಲಿ ಕೇರಳದಲ್ಲಿ ಪತ್ತೆಯಾಗಿ ಆಮೇಲೆ ನಮ್ಮಲ್ಲಿಗೂ ಹಬ್ಬಿದ ತೆಂಗಿನ ನುಸಿ ಎರಿಯೊಫಿಡ್ ಗುಂಪಿನದೇ. ಈ ಗುಂಪಿನ ಪೂರ್ವಜರು ಮಣ್ಣಿನಿಂದ ಗಿಡಕ್ಕೆ ಏರಿದವರೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಆಳದ ಮಣ್ಣಿನ ಇನ್ನಷ್ಟು ಪ್ರಭೇದಗಳು ಬೇಕು. ನುಸಿ ಅಧ್ಯಯನದ ಹಳೆಯ ಪರಂಪರೆಯಿರುವ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ನಮ್ಮ ಕರಾವಳಿಯ ಮರಳನ್ನೂ ಆಳಕ್ಕೆ ಅಗೆದು ತೊಳೆದು ನೋಡಬೇಕೆಂಬುದು ನನ್ನ ಆಸೆ.