ಅಜ್ಜಿ ಮೊನ್ನೆವರೆಗೆ ಹೇಗಿದ್ದರು?

ಎಮರ್ಜೆನ್ಸಿಗೆ ಹಿರಿಯರನ್ನು ಕರೆತಂದವರು ಆಗಾಗ ಹೇಳುವ ಮಾತಿದು: "ಎರಡು ದಿನದಿಂದ ಏನೇನೋ ಮಾತಾಡ್ತಿದ್ದಾರೆ ಡಾಕ್ಟ್ರೇ. ವಯಸ್ಸಾಯ್ತಲ್ಲ, ಅರಳು ಮರಳು."

ವಯಸ್ಸಿನ ಮರೆವು ಎರಡು ದಿನದಲ್ಲಿ ಬರುವುದಿಲ್ಲ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬರುವಂಥದ್ದು. ದಿಢೀರಂತ ಬರುವ ಈ ಗೊಂದಲಕ್ಕೆ ನಾವು ಡೆಲಿರಿಯಂ ಅನ್ನುತ್ತೇವೆ. ಹಿಂದೆ ಏನೋ ಕಾರಣ ಇದ್ದೇ ಇರುತ್ತದೆ. ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಶುರುವಾದ ಮಾತ್ರೆ, ಕೆಲವೊಮ್ಮೆ ಎದೆನೋವೇ ಇಲ್ಲದ ಹೃದಯಾಘಾತ.

ಕೂಗಾಡುವವರತ್ತ ಎಲ್ಲರೂ ಓಡುತ್ತಾರೆ. ನನಗೆ ಹೆಚ್ಚು ಭಯವಾಗುವುದು ಟ್ರಾಲಿ ಮೇಲೆ ಸುಮ್ನೆ ಮಲಗಿರುವವರನ್ನು ಕಂಡಾಗ. ಕರೆದರೆ ಕಣ್ಣು ಬಿಡುತ್ತಾರೆ, ಮತ್ತೆ ಮಂಪರು. "ಪಾಪ, ಮಲಗಲಿ" ಅಂತ ಎಲ್ಲರೂ ಮುಂದೆ ಹೋಗುತ್ತಾರೆ. ಅದೂ ಡೆಲಿರಿಯಂ ಆಗಿರಬಹುದು.

ಪತ್ತೆ ಮಾಡಲು 4ಎಟಿ ಎಂಬ ಪುಟ್ಟ ಪರೀಕ್ಷೆಯಿದೆ. ಸುಮಾರು 2 ನಿಮಿಷದ ಕೆಲಸ. ವಯಸ್ಸು, ಹುಟ್ಟಿದ ತಾರೀಕು, ಈಗಿರುವ ಜಾಗ, ಇಸವಿ ಕೇಳಬೇಕು. ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸಬೇಕು. ಆದರೆ ಹುಟ್ಟಿದ ತಾರೀಕೇ ಗೊತ್ತಿಲ್ಲದ ಹಿರಿಯರು ನಮ್ಮಲ್ಲಿ ಎಷ್ಟು ಜನ ಇಲ್ಲ! ಶಾಲೆಗೆ ಹೋಗದ ಅಜ್ಜಿಗೆ ನಾನು ವಾರಗಳನ್ನು ಹಿಂದಿನಿಂದ ಹೇಳಲು ಕೇಳುತ್ತೇನೆ. ಶನಿವಾರ, ಶುಕ್ರವಾರ ಅಂತ ಶುರು ಮಾಡಿ, ಅಲ್ಲೇ ನಿಂತು, ಸೆರಗಿನ ಅಂಚು ಹಿಡಿದು ಎಳೆಯುತ್ತಾ ಕೂತರೆ ಗಮನ ನಿಲ್ಲುತ್ತಿಲ್ಲ ಅಂತ ತಿಳಿಯುತ್ತದೆ. ಕನ್ನಡಕ, ಕಿವಿಯ ಮಷೀನು ಮನೆಯಲ್ಲೇ ಉಳಿದಿದ್ದರೆ ಮೊದಲು ತರಿಸಬೇಕು. ಕೇಳಿಸದವರನ್ನು ಗೊಂದಲದವರು ಅಂದುಕೊಳ್ಳುವುದು ಅನ್ಯಾಯ ಅಲ್ವಾ? ಎಲ್ಲಕ್ಕಿಂತ ಮುಖ್ಯ, ಮೊನ್ನೆವರೆಗೆ ಹೇಗಿದ್ದರು ಅನ್ನುವುದು. ಅದನ್ನು ಜೊತೆಯಲ್ಲಿ ಇರುವವರೇ ಹೇಳಬೇಕು. ಬೆಂಗಳೂರಿನಿಂದ ಆಗಷ್ಟೇ ಬಂದಿಳಿದ ಮಗನಿಗಿಂತ ದಿನಾ ಊಟ ಬಡಿಸುವ ಸೊಸೆಗೆ ಜಾಸ್ತಿ ಗೊತ್ತಿರುತ್ತದೆ.

ನಾಡಿ, ಬಿಪಿ ತೋರಿಸುವ ಮಾನಿಟರ್ ನೋಡಿ ಸಮಾಧಾನಪಡುವ ಹಾಗೂ ಇಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ನಾಡಿ ನಿಧಾನ ಮಾಡುವ ಮಾತ್ರೆ ನುಂಗುವವರಲ್ಲಿ ಒಳಗೆ ರಕ್ತ ಸೋರುತ್ತಿದ್ದರೂ ನಾಡಿ ಏರದೆ ಇರಬಹುದು. ಸದಾ 160 ಬಿಪಿ ಇರುವವರಿಗೆ 110 ಅಂದರೆ ಕಡಿಮೆಯೇ. ಸೋಂಕು ಜೋರಾಗಿದ್ದರೂ ಜ್ವರ ಬರದಿರಬಹುದು. ಅದಕ್ಕೇ ಮಾತ್ರೆಗಳ ಚೀಲವನ್ನೇ ತನ್ನಿ ಅನ್ನುವುದು. ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್‌ನಿಂದ ಸಕ್ಕರೆ ಇಳಿದು ಬಂದವರು ಗ್ಲೂಕೋಸ್ ಹಾಕಿದೊಡನೆ ಎದ್ದು ಕೂರುತ್ತಾರೆ, ಮನೆಯವರು ಹೊರಟು ನಿಲ್ಲುತ್ತಾರೆ. ಕಿಡ್ನಿ ದುರ್ಬಲವಾಗಿದ್ದರೆ ಮಾತ್ರೆಯ ಪ್ರಭಾವ ಉಳಿದು ಸಕ್ಕರೆ ಮತ್ತೆ ಇಳಿಯಬಹುದು. ಇಂಥವರನ್ನು ಅವತ್ತು ಕಳಿಸಬಾರದು.

ಬಿದ್ದು ಬಂದವರ ಎಕ್ಸ್‌ರೇ ಸರಿಯಿದ್ದರೂ, ಮನೆಗೆ ಕಳಿಸುವ ಮುಂಚೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಬೇಕು. ನಡೆಯಲಾಗದಿದ್ದರೆ ಸೊಂಟದ ಮೂಳೆಯನ್ನು ಸಿಟಿಯಲ್ಲೋ ಎಂಆರ್‌ಐನಲ್ಲೋ ಇನ್ನೊಮ್ಮೆ ನೋಡಲೇಬೇಕು. ಸಣ್ಣ ಬಿರುಕು ಎಕ್ಸ್‌ರೇಗೆ ಸಿಗದೇ ಇರುವುದುಂಟು.