ಕ್ರಾಂತಿ ಮಾಡಿದ್ದು ಮುತ್ತಜ್ಜ, ದಾಖಲೆ ತರಬೇಕಾದ್ದು ಮರಿಮಗ

ಅಮೆರಿಕದ ಸಣ್ಣ ಪಟ್ಟಣವೊಂದರ ರೆಸ್ಟೋರೆಂಟು, ಶನಿವಾರ ಮಧ್ಯಾಹ್ನ. ಹಿಂಬದಿಯ ಹಾಲಿನಲ್ಲಿ ಮೂರು ಮೂಲೆಯ ಕಪ್ಪು ಟೋಪಿ, ನೀಲಿ ಕೋಟು, ಮೊಣಕಾಲಿನವರೆಗಿನ ಚಲ್ಲಣ, ಬಿಳಿ ಕಾಲುಚೀಲ ತೊಟ್ಟ ನಾಲ್ಕಾರು ಮಂದಿ ಧ್ವಜ ಹಿಡಿದು ಸಾಲಾಗಿ ಬರುತ್ತಾರೆ. ಎಲ್ಲರೂ ಎದ್ದು ನಿಲ್ಲುತ್ತಾರೆ. ಹೊಸ ಸದಸ್ಯನನ್ನು ಮುಂದೆ ಕರೆದು, ಅವನ ಪೂರ್ವಜ ಯಾವ ದಳದಲ್ಲಿ ಯಾರ ಕೈಕೆಳಗೆ ಕಾದಾಡಿದ ಎಂದು ಓದಿ ಹೇಳುತ್ತಾರೆ. ಅವನು ಪ್ರತಿಜ್ಞೆ ತೆಗೆದುಕೊಂಡ ಮೇಲೆ ಕೋಟಿನ ಎಡ ಮಡಿಕೆಗೆ ರೋಸೆಟ್ ಎಂಬ ಪುಟ್ಟ ಬಟ್ಟೆಯ ಬಿಲ್ಲೆ ಚುಚ್ಚುತ್ತಾರೆ. ಎಷ್ಟೋ ಕಡೆ ಆ ಕೆಲಸ ಹೆಂಡತಿಯದು. ಚಪ್ಪಾಳೆ, ಫೋಟೊ, ಆಮೇಲೆ ಊಟ.

ಇದು ‘ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಸಂಘ ಹೊಸಬರನ್ನು ಬರಮಾಡಿಕೊಳ್ಳುವ ರೀತಿ. 1775ರಿಂದ 1783ರವರೆಗೆ ಬ್ರಿಟಿಷರ ವಿರುದ್ಧ ನಡೆದ ಯುದ್ಧದಲ್ಲಿ ಪಾಲ್ಗೊಂಡವರ ನೇರ ವಂಶಸ್ಥರಿಗೆ ಮಾತ್ರ ಇಲ್ಲಿ ಪ್ರವೇಶ. ಹೆಂಗಸರಿಗೆ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಬೇರೆ ಸಂಘವಿದೆ. ಅಲ್ಲಿನವರ ಬಾಯಲ್ಲಿ ಇವು ಎಸ್‌ಎಆರ್, ಡಿಎಆರ್. ಹತ್ತು ನಿಮಿಷದ ಈ ಶಾಸ್ತ್ರದ ಹಿಂದೆ ಇನ್ನೂರನಲವತ್ತು ವರ್ಷದ ಜಗಳವಿದೆ. ಹುಟ್ಟಿನಿಂದ ಯಾರೂ ದೊಡ್ಡವರಲ್ಲ ಎಂದು ರಾಜನನ್ನೇ ಓಡಿಸಿದ ದೇಶದಲ್ಲಿ ಹುಟ್ಟನ್ನೇ ಅರ್ಹತೆ ಮಾಡಿಕೊಂಡ ಸಂಘ ಹೇಗೆ ಬಂತು? ಬಂದ ಮೇಲೆ ಯಾರನ್ನು ಒಳಗೆ ಬಿಟ್ಟಿತು, ಯಾರನ್ನು ಹೊರಗೇ ನಿಲ್ಲಿಸಿತು?

ಜಗಳ ಶುರುವಾಗುವಾಗ ಯುದ್ಧವೇ ಪೂರ್ತಿ ಮುಗಿದಿರಲಿಲ್ಲ. 1783ರ ಮೇ ತಿಂಗಳಲ್ಲಿ ಹಡ್ಸನ್ ನದಿಯ ದಂಡೆಯ ಫಿಶ್‌ಕಿಲ್ ಬಳಿ ಸೇನಾಧಿಕಾರಿಗಳು ಸೇರಿ ‘ಸೊಸೈಟಿ ಆಫ್ ದಿ ಸಿನ್ಸಿನಾಟಿ’ ಕಟ್ಟಿದರು. ಯೋಜನೆ ಹೆನ್ರಿ ನಾಕ್ಸ್ ಎಂಬ ಫಿರಂಗಿ ದಳದ ಜನರಲ್‌ದು. ನೇಗಿಲು ಬಿಟ್ಟು ಯುದ್ಧಕ್ಕೆ ಹೋಗಿ, ಗೆದ್ದು ಮತ್ತೆ ನೇಗಿಲಿಗೇ ಮರಳಿದ ರೋಮಿನ ಸಿನ್ಸಿನಾಟಸ್‌ನ ಹೆಸರನ್ನು ಇಟ್ಟುಕೊಂಡರು. ಒಬ್ಬೊಬ್ಬ ಅಧಿಕಾರಿಯೂ ಒಂದು ತಿಂಗಳ ಸಂಬಳ ಹಾಕಬೇಕು. ಆ ನಿಧಿಯಿಂದ ಕಷ್ಟದಲ್ಲಿರುವ ಸಂಗಾತಿಗಳಿಗೂ ವಿಧವೆಯರಿಗೂ ನೆರವು. ಅಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ. ಸದಸ್ಯತ್ವ ಹಿರಿಯ ಮಗನಿಗೆ, ಅವನಿಂದ ಅವನ ಹಿರಿಯ ಮಗನಿಗೆ ಇಳಿಯುತ್ತದೆ ಎಂಬ ಸಾಲು ಸೇರಿದ್ದೇ ದೇಶ ಎದ್ದು ಕೂತಿತು. ಸಾಮಾನ್ಯ ಸಿಪಾಯಿಗೆ ಅಲ್ಲಿ ಜಾಗವೂ ಇರಲಿಲ್ಲ.

ದಕ್ಷಿಣ ಕೆರೊಲಿನಾದ ನ್ಯಾಯಾಧೀಶ ಏಡಾನಸ್ ಬರ್ಕ್, ಇದು ಹೊಸ ಶ್ರೀಮಂತ ಕುಲವನ್ನು ಹುಟ್ಟುಹಾಕುವ ಹುನ್ನಾರ ಎಂದು ಅದೇ ವರ್ಷ ಕರಪತ್ರ ಹೊರಡಿಸಿದರು. ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಕೂಡ ವಿರೋಧಿಸಿ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಬರೆದರು. ಆದರೆ ಎಲ್ಲರಿಗಿಂತ ಚೆನ್ನಾಗಿ ಚುಚ್ಚಿದವರು ಬೆಂಜಮಿನ್ ಫ್ರಾಂಕ್ಲಿನ್. 1784ರ ಜನವರಿಯಲ್ಲಿ ಫ್ರಾನ್ಸಿನಿಂದ ಮಗಳು ಸಾರಾಗೆ ಬರೆದ ಪತ್ರದಲ್ಲಿ ಅವರು ಲೆಕ್ಕ ಹಾಕಿ ತೋರಿಸುತ್ತಾರೆ: ಮಗನಲ್ಲಿ ಅಪ್ಪನ ಪಾಲು ಅರ್ಧ, ಮೊಮ್ಮಗನಲ್ಲಿ ಕಾಲು, ಹೀಗೆ ಒಂಬತ್ತು ತಲೆಮಾರು ಇಳಿಯುವಷ್ಟರಲ್ಲಿ ಆ ವೀರನ ಪಾಲು ಉಳಿಯುವುದು 512ರಲ್ಲಿ ಒಂದು. ಅಂಥ ಒಬ್ಬ ‘ವೀರ’ ಹುಟ್ಟಬೇಕಾದರೆ ನಡುವೆ 1,022 ಗಂಡಸರು ಹೆಂಗಸರು ಬೇಕು. ಅವರೆಲ್ಲರ ಗೌರವ ಎಲ್ಲಿ ಹೋಯಿತು? ಚೀನಾದಲ್ಲಿ ಮಗ ಸಾಧನೆ ಮಾಡಿದರೆ ಮರ್ಯಾದೆ ತಂದೆತಾಯಿಗೆ ಸಲ್ಲುತ್ತದೆ, ಅದೇ ಸರಿಯಾದ ದಿಕ್ಕು ಎಂದೂ ಸೇರಿಸಿದರು. ಸಂಘದ ಪದಕದ ಮೇಲಿನ ಹದ್ದು ಟರ್ಕಿ ಕೋಳಿಯಂತೆ ಕಾಣುತ್ತದೆ ಎಂಬ ಗೇಲಿಗೆ ಉತ್ತರವಾಗಿ, ಕೋಳಿಯೇ ಹದ್ದಿಗಿಂತ ಮಾನವಂತ ಹಕ್ಕಿ ಎಂದು ಬರೆದದ್ದೂ ಇದೇ ಪತ್ರದಲ್ಲಿ. ಇಷ್ಟೆಲ್ಲ ಅಂದ ಫ್ರಾಂಕ್ಲಿನ್ ಮುಂದೆ ಅದೇ ಸಂಘದ ಪೆನ್ಸಿಲ್ವೇನಿಯಾ ಶಾಖೆಯ ಗೌರವ ಸದಸ್ಯತ್ವ ಸ್ವೀಕರಿಸಿದರು ಎಂಬುದನ್ನೂ ಹೇಳಬೇಕು.

ಸಂಘದ ಮೊದಲ ಅಧ್ಯಕ್ಷರು ಇದೇ ವಾಷಿಂಗ್ಟನ್. ಟೀಕೆಯಿಂದ ಮುಜುಗರಪಟ್ಟ ಅವರು 1784ರ ಮೇ ತಿಂಗಳ ಫಿಲಡೆಲ್ಫಿಯಾ ಸಭೆಯಲ್ಲಿ ವಂಶಪಾರಂಪರ್ಯದ ನಿಯಮ ತೆಗೆಯಬೇಕೆಂದು ಪಟ್ಟು ಹಿಡಿದರು. ಸಭೆ ಒಪ್ಪಿತು, ರಾಜ್ಯ ಶಾಖೆಗಳೆಲ್ಲ ಒಪ್ಪಲಿಲ್ಲ. ವಾಷಿಂಗ್ಟನ್ 1799ರಲ್ಲಿ ತೀರಿಕೊಂಡರು. ಮರುವರ್ಷ ಸಂಘ ಹಳೆಯ ನಿಯಮವೇ ಜಾರಿಯಲ್ಲಿದೆ ಎಂದು ಘೋಷಿಸಿಕೊಂಡಿತು. ಇವತ್ತಿಗೂ ಅದೇ ಕ್ರಮ. ಒಹಾಯೊದ ಸಿನ್ಸಿನಾಟಿ ನಗರಕ್ಕೆ ಆ ಹೆಸರು ಬಂದದ್ದು ಈ ಸಂಘದಿಂದಲೇ, 1790ರಲ್ಲಿ.

ಅಲ್ಲಿಂದ ಮುಂದೆ ನೂರು ವರ್ಷ ಸಿಪಾಯಿಯ ಮೊಮ್ಮಕ್ಕಳನ್ನು ಯಾರೂ ಕೇಳಲಿಲ್ಲ. 1876ರಲ್ಲಿ ಸ್ವಾತಂತ್ರ್ಯದ ಶತಮಾನೋತ್ಸವ ಬಂತು, ಇಟಲಿ, ಪೋಲೆಂಡ್, ರಷ್ಯಾಗಳಿಂದ ಹಡಗುಗಟ್ಟಲೆ ಜನ ಬಂದಿಳಿಯತೊಡಗಿದರು, ಆಗ ಹಳೆಯ ಮನೆತನಗಳಿಗೆ ತಾವು ಮೊದಲಿನವರು ಎಂದು ಹೇಳಿಕೊಳ್ಳುವ ಅಗತ್ಯ ಕಾಣಿಸಿತು. ಎರಡಕ್ಕೂ ನಂಟಿದೆ ಎಂದೇ ನನ್ನ ಎಣಿಕೆ. ಕೆಲವೇ ವರ್ಷಗಳಲ್ಲಿ ಇಂಥ ಹತ್ತಾರು ವಂಶ ಸಂಘಗಳು ಹುಟ್ಟಿದ್ದು ಆಕಸ್ಮಿಕವಲ್ಲ. ನ್ಯೂಯಾರ್ಕಿನಲ್ಲಿ ‘ಸನ್ಸ್ ಆಫ್ ದಿ ರೆವಲ್ಯೂಷನ್’ ಮೊದಲೇ ಇತ್ತು. ದೇಶವಿಡೀ ಹಬ್ಬಬೇಕು, ಪ್ರತಿ ರಾಜ್ಯದ ಶಾಖೆಗೂ ಸಮಾನ ಸ್ಥಾನವಿರಬೇಕು ಎಂದ ವಿಲಿಯಂ ಮ್ಯಾಕ್‌ಡೊವೆಲ್ ಅದರಿಂದ ಬೇರೆಯಾಗಿ, ವಾಷಿಂಗ್ಟನ್ ದೇಶದ ಅಧ್ಯಕ್ಷರಾದ ನೂರನೇ ವರ್ಷದ ದಿನ, 1889ರ ಏಪ್ರಿಲ್ 30ರಂದು, ನ್ಯೂಯಾರ್ಕಿನ ಫ್ರಾನ್ಸಸ್ ಟ್ಯಾವರ್ನ್‌ನಲ್ಲಿ ಎಸ್‌ಎಆರ್ ಆರಂಭಿಸಿದರು. ಇಲ್ಲಿ ಅಧಿಕಾರಿ, ಸಿಪಾಯಿ ಎಂಬ ಭೇದವಿರಲಿಲ್ಲ, ಹಿರಿಯ ಮಗ ಕಿರಿಯ ಮಗ ಎಂಬುದೂ ಇರಲಿಲ್ಲ. ಬಾಗಿಲು ಸಾಕಷ್ಟು ಅಗಲವಾಯಿತು, ಗಂಡಸರಿಗೆ.

ಮರುವರ್ಷ ಲೂಯಿವಿಲ್‌ನಲ್ಲಿ ಸೇರಿದ ಸಭೆ ಹೆಂಗಸರಿಗೆ ಸದಸ್ಯತ್ವವಿಲ್ಲ ಎಂದು ತೀರ್ಮಾನಿಸಿತು. ಮೇರಿ ಲಾಕ್‌ವುಡ್ ಎಂಬಾಕೆ ಸುಮ್ಮನಿರಲಿಲ್ಲ. 1890ರ ಜುಲೈನಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಗೆ ಬರೆದು ಹ್ಯಾನಾ ಆರ್ನೆಟ್‌ಳ ಕಥೆ ಹೇಳಿದರು. 1776ರಲ್ಲಿ ನ್ಯೂಜೆರ್ಸಿಯಲ್ಲಿ ಸೋಲು ಎದುರಾದಾಗ ಗಂಡನೂ ಅವನ ಸ್ನೇಹಿತರೂ ಬ್ರಿಟಿಷರ ಕ್ಷಮಾದಾನಕ್ಕೆ ಕೈಯೊಡ್ಡಲು ಹೊರಟರು. ಹ್ಯಾನಾ ಆ ಗಂಡಸರ ಸಭೆಗೆ ನುಗ್ಗಿ ಅವರನ್ನು ಹಳಿದು ನಿಲ್ಲಿಸಿದಳು ಎಂಬುದು ಆ ಕಥೆ. ಇಂಥವರ ಮಕ್ಕಳಿಗೆ ಜಾಗವಿಲ್ಲವೇ ಎಂದು ಲಾಕ್‌ವುಡ್ ಕೇಳಿದರು. ಪತ್ರಿಕೆ ಓದಿ ಮೊದಲು ಉತ್ತರ ಬರೆದವರಲ್ಲಿ ಮ್ಯಾಕ್‌ಡೊವೆಲ್ ಒಬ್ಬರು. ಅವರು ಹ್ಯಾನಾಳ ಮರಿಮಗ! ತಮ್ಮ ಸಂಘ ಮುಚ್ಚಿದ ಬಾಗಿಲಿಗೆ ಬದಲು ಹೆಂಗಸರದೇ ಬೇರೆ ಸಂಘ ಕಟ್ಟಲು ಅವರೇ ನೆರವಿಗೆ ನಿಂತರು. ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಡಿಎಆರ್ ಹುಟ್ಟಿತು. ಅಮೆರಿಕ ಅಧ್ಯಕ್ಷರ ಪತ್ನಿ ಕ್ಯಾರೊಲಿನ್ ಹ್ಯಾರಿಸನ್ ಅದರ ಮೊದಲ ಮುಖ್ಯಸ್ಥೆ. ಇವತ್ತು ಗಾತ್ರದಲ್ಲೂ ಪ್ರಭಾವದಲ್ಲೂ ಗಂಡಸರ ಸಂಘವನ್ನು ಅದು ಎಂದೋ ಮೀರಿಸಿದೆ. ಈವರೆಗೆ 10 ಲಕ್ಷಕ್ಕೂ ಹೆಚ್ಚು ಹೆಂಗಸರು ಸದಸ್ಯರಾಗಿದ್ದಾರೆ.

ಸರಿ, ಅರ್ಜಿ ಹಾಕುವವರು ಏನು ತರಬೇಕು? ತನ್ನಿಂದ ಆ ಪೂರ್ವಜನವರೆಗೆ ಸಾಮಾನ್ಯವಾಗಿ ಏಳೆಂಟು ತಲೆಮಾರು. ಒಂದೊಂದು ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ಪುರಾವೆ, ಇವರು ಇಂಥವರ ಮಗ ಅಥವಾ ಮಗಳು ಎಂಬುದಕ್ಕೆ ದಾಖಲೆ. ಪೂರ್ವಜನ ಸೇವೆಗೆ ಬೇರೆ ಪುರಾವೆ. ಎತ್ತಿನ ಬೆನ್ನೇರಿ ಬಂದು ಮನೆಮುಂದೆ ನಿಂತು ಏಳು ತಲೆಮಾರಿನ ಹೆಸರು ಒಪ್ಪಿಸುವ ನಮ್ಮ ಹೆಳವರ ಮಾತಿಗೆ ಊರು ತಲೆಬಾಗುತ್ತದೆ. ಈ ಸಂಘಗಳಲ್ಲಿ ಅಜ್ಜಿ ಹೇಳಿದ ಮಾತಿಗೆ ಬೆಲೆಯಿಲ್ಲ. ರಕ್ತಸಂಬಂಧವೇ ಬೇಕು, ದತ್ತು ಬಂದವರಿಗೆ ದತ್ತಕ ಮನೆಯ ಕಡೆಯಿಂದ ಹಕ್ಕಿಲ್ಲ. ಹಿಂದೆ ಇಷ್ಟು ಬಿಗಿ ಇರಲಿಲ್ಲ. ನೂರು ವರ್ಷದ ಹಿಂದೆ ಮನೆಮಾತಿನ ಮೇಲೆ ಒಪ್ಪಿದ ಅರ್ಜಿಗಳು ಬೇಕಾದಷ್ಟಿವೆ. ಹಾಗಾಗಿ ಡಿಎಆರ್‌ನ ಪೂರ್ವಜರ ಪಟ್ಟಿಯಲ್ಲಿ ಕೆಲವು ಹೆಸರುಗಳ ಪಕ್ಕ ಕೆಂಪಕ್ಷರದ ಸೂಚನೆ ಕಾಣುತ್ತದೆ: ಮುಂದೆ ಅರ್ಜಿ ಹಾಕುವವರು ಇವರ ಸೇವೆಯನ್ನು ಹೊಸದಾಗಿ ರುಜುವಾತು ಮಾಡಬೇಕು. ಅತ್ತೆ, ಚಿಕ್ಕಮ್ಮ ಸದಸ್ಯರಾಗಿದ್ದಾರೆ ಎಂದು ನಿಶ್ಚಿಂತೆಯಿಂದ ಬಂದವರು ಇಲ್ಲಿ ಮುಗ್ಗರಿಸುತ್ತಾರೆ.

ಪುರಾವೆಯ ಅತಿದೊಡ್ಡ ಭಂಡಾರ ಪಿಂಚಣಿ ಕಡತಗಳು. ಸೈನ್ಯದ ಮೂಲ ದಾಖಲೆಗಳು 1800ರ ನವೆಂಬರಿನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. 1818ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಬಡ ಮಾಜಿ ಸೈನಿಕರಿಗೆ ಪಿಂಚಣಿ ಕೊಡಲು ಮುಂದಾಯಿತು, ಸಿಪಾಯಿಗೆ ತಿಂಗಳಿಗೆ 8 ಡಾಲರ್. ಅರ್ಜಿಗಳು ನುಗ್ಗಿ ಬಂದದ್ದು ನೋಡಿ ಗಾಬರಿಯಾಗಿ, 1820ರಲ್ಲಿ ಬಡತನವನ್ನು ಸಾಬೀತುಪಡಿಸಿ ಎಂದಿತು. ಮುದುಕರು ಕೋರ್ಟಿಗೆ ಹೋಗಿ ತಮ್ಮ ಹಸು, ಕುರಿ, ಕಬ್ಬಿಣದ ಪಾತ್ರೆ, ಮುರುಕು ಕುರ್ಚಿಯನ್ನೂ ಬಿಡದೆ ಪಟ್ಟಿ ಕೊಟ್ಟರು. ಮನೆಯಲ್ಲಿ ಯಾರಿದ್ದಾರೆ, ವಯಸ್ಸೆಷ್ಟು, ಯಾರು ದುಡಿಯಲಾರರು ಎಂದೂ ಹೇಳಿದರು. 1832ರ ಕಾಯ್ದೆಯಡಿ, ಎಲ್ಲಿ ಯಾರ ಕೈಕೆಳಗೆ ಕಾದಾಡಿದೆ ಎಂದು ನೆನಪಿನಿಂದ ಪ್ರಮಾಣ ಮಾಡಿ ಹೇಳಬೇಕಿತ್ತು. 1836ರ ನಂತರ ವಿಧವೆಯರ ಸರದಿ. ಮದುವೆಯಾಗಿದ್ದಕ್ಕೆ ದಾಖಲೆ ಎಲ್ಲಿಂದ ತರುವುದು? ಮನೆಯ ಬೈಬಲ್ಲಿನಲ್ಲಿ ಹುಟ್ಟು ಸಾವು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದರು. ಬಣ್ಣದ ಹಕ್ಕಿ, ಹೂಬಳ್ಳಿ ಬರೆದ ಜರ್ಮನ್ ಮನೆತನಗಳ ಜನನಪತ್ರಗಳೂ ಬಂದವು. ಅವು ವಾಪಸು ಹೋಗಲಿಲ್ಲ. ಇಂಥ ಸುಮಾರು 80,000 ಕಡತಗಳು ಈಗ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ.

ಇದರಿಂದ ಒಂದು ವಿಚಿತ್ರ ಆಯಿತು. ಬಡತನದಿಂದ ಕೈಚಾಚಿದ ಸಿಪಾಯಿಯ ವಂಶಾವಳಿ ಸರ್ಕಾರದ ಖರ್ಚಿನಲ್ಲಿ ಭದ್ರವಾಗಿ ಉಳಿಯಿತು. ಪಿಂಚಣಿ ಬೇಡ ಎಂದ ಸ್ಥಿತಿವಂತ ರೈತನ ಮರಿಮಕ್ಕಳು ಚರ್ಚಿನ ವಹಿ, ಸಮಾಧಿಯ ಕಲ್ಲು, ಜಮೀನು ಪತ್ರ ಹುಡುಕುತ್ತ ಅಲೆಯುತ್ತಾರೆ. ಮನೆಯವರೆಲ್ಲರ ಹೆಸರು ಜನಗಣತಿಯಲ್ಲಿ ಬಂದದ್ದು 1850ರಿಂದ, ಅದೂ ಸ್ವತಂತ್ರರದ್ದು ಮಾತ್ರ. 1890ರ ಗಣತಿಯ ಹಾಳೆಗಳು 1921ರ ಬೆಂಕಿಯಿಂದಾಗಿ ಬಹುತೇಕ ಇಲ್ಲವಾದವು.

ಸ್ವತಂತ್ರರದ್ದು ಮಾತ್ರ ಎಂಬಲ್ಲಿ ನಿಲ್ಲಬೇಕು. ಕ್ರಾಂತಿಯ ಪರವಾಗಿ ಕಾದಾಡಿದ ಕಪ್ಪು ಜನರ ಸಂಖ್ಯೆ ಸುಮಾರು 5,000 ಎಂಬ ಅಂದಾಜಿದೆ. ರೋಡ್ ಐಲೆಂಡ್ 1778ರಲ್ಲಿ ಗುಲಾಮರಿಗೆ ಬಿಡುಗಡೆಯ ಮಾತು ಕೊಟ್ಟು ಪಡೆ ಕಟ್ಟಿತ್ತು. ಆದರೆ 1850, 1860ರ ಗುಲಾಮರ ಪಟ್ಟಿಗಳಲ್ಲಿ ಇರುವುದು ಒಡೆಯನ ಹೆಸರು. ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೇ. ದಾಸ್ಯದಿಂದ ಬಿಡುಗಡೆಯಾದವರ ಹೆಸರು ಗಣತಿಗೆ ಬಂದದ್ದು 1870ರಲ್ಲಿ. ಎಂಟು ಕೊಂಡಿಗಳ ಸರಪಳಿಯಲ್ಲಿ ಮೂರೋ ನಾಲ್ಕೋ ಕೊಂಡಿಗಳನ್ನು ದೇಶವೇ ಬರೆದಿಡಲಿಲ್ಲ.

ಕಾಗದವಿದ್ದರೂ ಸಾಲದು ಎಂಬ ಕಾಲವಿತ್ತು. 1939ರಲ್ಲಿ ಗಾಯಕಿ ಮರಿಯನ್ ಆಂಡರ್ಸನ್‌ಗೆ ಆಕೆ ಕಪ್ಪು ಮಹಿಳೆ ಎಂಬ ಕಾರಣಕ್ಕೆ ಡಿಎಆರ್ ತನ್ನ ಕಾನ್‌ಸ್ಟಿಟ್ಯೂಷನ್ ಹಾಲ್ ಕೊಡಲಿಲ್ಲ. ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆ ಎಸೆದರು; ಆಂಡರ್ಸನ್ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ 75,000 ಜನರೆದುರು ಹಾಡಿದರು. ಡಿಎಆರ್‌ಗೆ ಸೇರಿದ ಮೊದಲ ಕಪ್ಪು ಸದಸ್ಯೆ ಎಂದು ಗುರುತಿಸಲಾದ ಡೆಟ್ರಾಯ್ಟಿನ ಕರೆನ್ ಬ್ಯಾಚಲರ್ ಒಳಗೆ ಬಂದದ್ದು 1977ರಲ್ಲಿ. ಅದಾದ ಮೇಲೂ ರಾಜಧಾನಿಯಲ್ಲೇ ಲೀನಾ ಸ್ಯಾಂಟೋಸ್ ಫರ್ಗುಸನ್ ಅವರಿಗೆ ವರ್ಷಗಟ್ಟಲೆ ಅಡ್ಡಿಯಾಯಿತು. ಅವರ ದಾಖಲೆ ಪಕ್ಕಾ ಇತ್ತು. ಆದರೆ ಈ ಸಂಘಕ್ಕೆ ಸೇರಲು ಇಬ್ಬರು ಸದಸ್ಯರು ಪರಿಚಯ ಹೇಳಿ ಕರೆತರಬೇಕು; ಬರಮಾಡಿಕೊಳ್ಳುವ ಕೈಗಳೇ ಮುಂದೆ ಬಾರದಿದ್ದರೆ ವಂಶವೃಕ್ಷ ಇಟ್ಟುಕೊಂಡು ಏನು ಮಾಡುವುದು? 1984ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ರಾಜಿಯಾಯಿತು. ಜನಾಂಗದ ಆಧಾರದಲ್ಲಿ ಯಾರನ್ನೂ ತಡೆಯುವುದಿಲ್ಲ, ಕ್ರಾಂತಿಯಲ್ಲಿ ಪಾಲ್ಗೊಂಡ ಕಪ್ಪು ಜನರನ್ನು ಹುಡುಕಿ ದಾಖಲಿಸುತ್ತೇವೆ ಎಂದು ಸಂಘ ಒಪ್ಪಿತು. ಆ ಕೆಲಸ ನಡೆದದ್ದೂ ನಿಜ: 2008ರಲ್ಲಿ ಹೊರಬಂದ ಪಟ್ಟಿಯಲ್ಲಿ ಆಫ್ರಿಕನ್ ಅಮೆರಿಕನ್ನರು, ಮೂಲನಿವಾಸಿಗಳು ಸೇರಿ 6,600ಕ್ಕೂ ಹೆಚ್ಚು ಹೆಸರುಗಳಿವೆ.

ಯಾರ ಸೇವೆ ಸೇವೆ ಎಂಬ ಪ್ರಶ್ನೆಯಲ್ಲೂ ಬಾಗಿಲು ಹಿಗ್ಗಿದೆ. ಬಂದೂಕು ಹಿಡಿದಿರಲೇಬೇಕೆಂದಿಲ್ಲ. ಸೈನ್ಯಕ್ಕೆ ಧಾನ್ಯವನ್ನೋ ದನವನ್ನೋ ಕೊಟ್ಟು ರಸೀದಿ ಪಡೆದ ವಿಧವೆ, ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ರೈತ, ಊರ ಸಮಿತಿಯಲ್ಲಿ ಕೂತವನು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಸ್ಪೇನಿನ ಬರ್ನಾರ್ಡೊ ಡಿ ಗಾಲ್ವೆಜ್ 1781ರಲ್ಲಿ ಪೆನ್ಸಕೋಲಾದಲ್ಲಿ ಬ್ರಿಟಿಷರನ್ನು ಸೋಲಿಸಿದ್ದರಿಂದ, ಅವನ ಪಡೆಗಳಲ್ಲಿದ್ದವರ ವಂಶಸ್ಥರಿಗೂ ದಾರಿ ತೆರೆದಿದೆ.

ನಮಗೆ ಕುತೂಹಲದ ಒಂದು ಕೊಂಡಿಯೂ ಇದರಲ್ಲಿದೆ. ರಾಜ್ಯಗಳ ನೌಕಾಪಡೆಯ ಸೇವೆಯೂ ಅರ್ಹತೆಯೇ. 1782ರಲ್ಲಿ ಡೆಲವೇರ್ ಕೊಲ್ಲಿಯ ಕಾವಲಿಗೆ ಪೆನ್ಸಿಲ್ವೇನಿಯಾ ಸಜ್ಜುಗೊಳಿಸಿದ ಹಡಗಿನ ಹೆಸರು ‘ಹೈಡರ್ ಆಲಿ’. ಮದರಾಸಿನ ಬ್ರಿಟಿಷರನ್ನು ನಡುಗಿಸುತ್ತಿದ್ದ ಶ್ರೀರಂಗಪಟ್ಟಣದ ಹೈದರಾಲಿಯ ಸುದ್ದಿ ಫಿಲಡೆಲ್ಫಿಯಾದ ವರ್ತಕರಿಗೆ ಅಷ್ಟು ಹಿತವಾಗಿತ್ತು. ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಈ ಹಡಗಿನಿಂದ ತನಗಿಂತ ಬಲವಾದ ಬ್ರಿಟಿಷ್ ಹಡಗು ‘ಜನರಲ್ ಮಂಕ್’ ಅನ್ನು ಸೆರೆಹಿಡಿದ. ಅದರ ನಾವಿಕನೊಬ್ಬನ ವಂಶಸ್ಥರು ಇಂದು ಅರ್ಜಿ ಹಾಕಿದರೆ ಸೇವೆಯ ಕಲಮಿನಲ್ಲಿ ಬರೆಯಬೇಕಾದದ್ದು ಹೈದರನ ಹೆಸರನ್ನೇ.

2026ರ ಜುಲೈ 4ಕ್ಕೆ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುವ ಹೊತ್ತಿಗೆ ಈ ಸಂಘಗಳ ಕಡೆ ಮತ್ತೆ ಜನರ ಕಣ್ಣು ಹೊರಳಿತು. ಅಮೆರಿಕದ ಕನ್ನಡಿಗರು ಡಿಎಆರ್ ಹೆಂಗಸರನ್ನು ಕಂಡಿದ್ದರೆ ಅದು ಬಹುಶಃ ಪೌರತ್ವದ ಪ್ರಮಾಣವಚನದ ದಿನ. ಹೊಸ ಪ್ರಜೆಗಳ ಕೈಗೆ ಪುಟ್ಟ ಬಾವುಟ ಕೊಡುವವರಲ್ಲಿ ಎಷ್ಟೋ ಕಡೆ ಅವರಿರುತ್ತಾರೆ. ವಲಸೆ ಬಂದವರಿಗಾಗಿ ಸಂಘ 1921ರಿಂದಲೇ ಪೌರತ್ವದ ಕೈಪಿಡಿ ಅಚ್ಚು ಹಾಕಿಸಿ ಹಂಚಿದೆ. ಆ ಬಾವುಟ ಪಡೆದವರು ಸದಸ್ಯರಾಗಲಾರರು. ಆದರೆ ಅವರ ಮಗ ಪೆನ್ಸಿಲ್ವೇನಿಯಾದ ಹಳೆಯ ಮನೆತನದ ಹುಡುಗಿಯನ್ನು ಮದುವೆಯಾದರೆ ಮೊಮ್ಮಗಳು ಆಗಬಹುದು. ಹೆಗಡೆಯೋ ಗೌಡರೋ, ಅರ್ಜಿಯ ಮೊದಲ ಸಾಲಿನ ಹೆಸರಿಗೆ ಈಗ ತಕರಾರಿಲ್ಲ. ತಾಯಿಯ ಕಡೆಯ ಆ ಎಂಟು ಸಾಲುಗಳಿಗೂ ಕಾಗದ ಇರಬೇಕು, ಒಳಗಿನ ಇಬ್ಬರು ಪರಿಚಯ ಹೇಳಬೇಕು.